ಕೈಗುಣಕ್ಕೊಂದು ಪರವಾನಗಿ

ಕಳೆದ ಆಟಿ ತಿಂಗಳ ಒಂದು ಸಂಜೆ, ಮಳೆ ಸ್ವಲ್ಪ ಹೊಳವಾಗಿದ್ದ ಹೊತ್ತಿನಲ್ಲಿ, ನಮ್ಮ ಹಿತ್ತಲಿನಾಚೆಯ ಮನೆಯ ತರುಣನೊಬ್ಬ ಬಂದು ಕೊಡೆಯನ್ನು ಜಗಲಿಯ ಕಂಬಕ್ಕೆ ಒರಗಿಸಿ, ಪ್ಲಾಸ್ಟಿಕ್ ಚೀಲದಿಂದ ಒಂದು ಅರ್ಜಿಯ ನಮೂನೆಯನ್ನು ತೆಗೆದು ನನ್ನ ಮುಂದಿಟ್ಟ. ಬಿ.ಸಿ.ರೋಡಿನ ಸಮೀಪ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದಾನೆ. ಅಜ್ಜನಿಂದ ಕಲಿತ ವಿದ್ಯೆ. ಸೊಂಟ ಹಿಡಿದವರಿಗೆ, ಭುಜ ಬಿಗಿದವರಿಗೆ, ಕಾಲು ಉಳುಕಿದವರಿಗೆ ಎಣ್ಣೆ ಹಾಕಿ ನೀವುವ ಕೆಲಸ. ಊರಲ್ಲಿ ಅವನ ಕೈಗುಣಕ್ಕೆ ಒಳ್ಳೆಯ ಹೆಸರು. ಪೇಟೆಯಲ್ಲಿ ಬಾಗಿಲು ತೆರೆಯಬೇಕಾದರೆ ಹೆಸರು ಸಾಲದು, ಪರವಾನಗಿ ಬೇಕು.

"ಮಾಷ್ಟ್ರೇ, ಇಲ್ಲಿ ವ್ಯಾಪಾರದ ಸ್ವರೂಪ ಅಂತ ಕೇಳಿದ್ದಾರಲ್ಲ, ಏನೂಂತ ಬರೆಯುವುದು? ನೀವು ಕನ್ನಡ ಪಂಡಿತರಲ್ಲವೋ!" ಎಂದ.

ನಮ್ಮ ಕಡೆ ಪಂಡಿತರೆಂದರೆ ಮದ್ದು ಕೊಡುವವರು ಎಂದೂ ಅರ್ಥ. ಆ ಲೆಕ್ಕದಲ್ಲಿ ಪಂಡಿತ ಅವನು. ನಾನು ಬರಿಯ ಶಬ್ದದವನು. ಆದರೆ ಶಬ್ದವೇ ಆ ಸಂಜೆ ತೊಡಕಾಯಿತು. 'ಚಿಕಿತ್ಸೆ' ಎಂದು ಬರೆದರೆ ಆರೋಗ್ಯ ಇಲಾಖೆಯವರು ಬಂದು ಡಾಕ್ಟರು ಯಾರೆಂದು ಕೇಳುತ್ತಾರೆ. 'ಮಸಾಜ್' ಎಂದು ಬರೆದರೆ ಕೇಳುವವರ ಹುಬ್ಬು ಮೇಲಕ್ಕೇರುತ್ತದೆ. ಕೆಲವೊಮ್ಮೆ ಪೊಲೀಸರೂ ಬರುತ್ತಾರೆ. 'ಎಣ್ಣೆ ಅಂಗಡಿ' ಎಂದರೆ ಯಾರ ತಕರಾರೂ ಇಲ್ಲ, ಆದರೆ ಅದು ಸುಳ್ಳು. ನಮೂನೆಯ ಕೊನೆಯಲ್ಲಿ ನೆರೆಹೊರೆಯವರ ಆಕ್ಷೇಪವಿಲ್ಲವೆಂಬ ಪತ್ರವೂ ಬೇಕಂತೆ. ಅವನು ಹಿಡಿದ ಕೋಣೆಗಳ ಪಕ್ಕದಲ್ಲಿ ನಮ್ಮದೊಂದು ಹಳೆಯ ಮನೆಯಿದೆ. ಅಂದರೆ ಶಬ್ದ ಮಾತ್ರವಲ್ಲ, ಸಹಿಯೂ ನನ್ನಿಂದಲೇ ಆಗಬೇಕು.

ಸಹಿಯ ಮಾತು ಬಂದಾಗ ನಾನು ತಡೆದೆ. ಅದಕ್ಕೆ ಕಾರಣವನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗ ಗೇರುಮರದಿಂದ ಬಿದ್ದು ಬಲದ ಮುಂಗೈ ಮುರಿಯಿತು. ಈ ಹುಡುಗನ ಅಜ್ಜನೇ ಎಳೆದು ಕೂಡಿಸಿ, ಸೊಪ್ಪು ಅರೆದು ಹಾಕಿ, ಬಿದಿರಿನ ದಬ್ಬೆ ಕಟ್ಟಿದವರು. ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಇಂದಿಗೂ ನನ್ನ ಅಂಗೈ ಪೂರ್ತಿ ಮೇಲಕ್ಕೆ ತಿರುಗುವುದಿಲ್ಲ. ತೀರ್ಥ ತೆಗೆದುಕೊಳ್ಳುವಾಗ ಅರ್ಧ ನೆಲಕ್ಕೆ ಬೀಳುತ್ತದೆ. ಅದೇ ಅಜ್ಜ, ಮೂರು ತಿಂಗಳು ಹಾಸಿಗೆ ಬಿಟ್ಟೇಳದ ನನ್ನ ತಂದೆಯವರನ್ನು ಹದಿನಾಲ್ಕು ದಿನ ನೀವಿ ಎಬ್ಬಿಸಿ ಗದ್ದೆಗೆ ಇಳಿಸಿದರು. ಕೊಟ್ಟದ್ದಕ್ಕೆ ಲೆಕ್ಕವಿಲ್ಲ; ಕೇಳಿದ್ದೂ ಇಲ್ಲ. ಹೀಗೆ ಒಂದೇ ಕೈಯಿಂದ ಉಪಕಾರವೂ ಊನವೂ ಆದ ಮನೆಯವನು ನಾನು. ಅಂಥ ಕೈಗೆ ಅಪ್ಪಣೆ ಕೊಡುವ ಅಧಿಕಾರ ಯಾರದು, ಹಿಂದೆ ಯಾರದಾಗಿತ್ತು ಎಂಬ ಪ್ರಶ್ನೆ ನನ್ನನ್ನು ಆ ಮಳೆಗಾಲವೆಲ್ಲ ಪುಸ್ತಕಗಳ ನಡುವೆ ಕೂರಿಸಿತು.

ಪ್ರಶ್ನೆ ಹೊಸದಲ್ಲ. ಸುಶ್ರುತನು ವೈದ್ಯನಾಗುವವನು ಶಾಸ್ತ್ರವನ್ನು ಓದಿ, ಅರ್ಥ ತಿಳಿದು, ಕೆಲಸವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ, ಆಮೇಲೆ ರಾಜನ ಅಪ್ಪಣೆ ಪಡೆದು ಊರೊಳಗೆ ಹೊರಡಬೇಕೆಂದು ವಿಧಿಸುತ್ತಾನೆ. ಉಗುರು ಕತ್ತರಿಸಿರಬೇಕು, ಬಟ್ಟೆ ಬಿಳಿದಾಗಿರಬೇಕು ಎಂಬುದನ್ನೂ ಬಿಟ್ಟಿಲ್ಲ. ವೇಷಧಾರಿ ವೈದ್ಯರು ನಾಡಿನಲ್ಲಿ ತಿರುಗುವುದು ರಾಜರ ಅಲಕ್ಷ್ಯದಿಂದ ಎಂದು ಚರಕಸಂಹಿತೆ ದೂರುತ್ತದೆ. ಪ್ರಾಣಾಪಾಯದ ರೋಗವೆಂದು ಮೊದಲೇ ತಿಳಿಸದೆ ಚಿಕಿತ್ಸೆ ಮಾಡಿ ರೋಗಿ ಸತ್ತರೆ ವೈದ್ಯನಿಗೆ ದಂಡವೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಅಪ್ಪಣೆ, ಶುಚಿ, ಹೊಣೆ: ಈ ಮೂರನ್ನೂ ನಮ್ಮ ಹಿರಿಯರು ಒಟ್ಟಿಗೆ ಇಟ್ಟು ಯೋಚಿಸಿದ್ದರೆಂಬುದನ್ನು ಇಲ್ಲಿ ಗುರುತಿಟ್ಟುಕೊಳ್ಳಬೇಕು. ಮುಂದೆ ಇವು ಮೂರು ದಿಕ್ಕಿಗೆ ಹೋದವು.

ಇದು ಗ್ರಂಥದ ಮಾತಾಯಿತು. ತುಳುನಾಡಿನ ನೆನಪಿನಲ್ಲಿ ಮೊದಲು ನಿಲ್ಲುವ ವೈದ್ಯೆ ಗ್ರಂಥದವಳಲ್ಲ. ಬಂಟ್ವಾಳ, ಬೆಳ್ತಂಗಡಿಗಳ ಊರೂರಲ್ಲಿ ಕೋಟಿ-ಚೆನ್ನಯರ ಗರಡಿಗಳಿವೆ. ಆ ಅವಳಿ ವೀರರ ತಾಯಿ ದೇಯಿ ಬೈದೆತಿ ಮದ್ದು ಬಲ್ಲವಳು. ಪಡುಮಲೆಯ ಬಲ್ಲಾಳನ ಕಾಲಿಗೆ ಕಾಸರಕನ ಮುಳ್ಳು ಚುಚ್ಚಿ ಹುಣ್ಣಾಗಿ, ಉಳಿದವರ ಮದ್ದು ನಾಟದೆ ಹೋದಾಗ, ತುಂಬು ಬಸುರಿಯಾದ ಆಕೆಯನ್ನೇ ಬೀಡಿಗೆ ಕರೆಸುತ್ತಾರೆ. ಆಕೆ ಗುಣಪಡಿಸುತ್ತಾಳೆ, ಅಲ್ಲಿಯೇ ಹೆರುತ್ತಾಳೆ, ಹೆಚ್ಚು ದಿನ ಬದುಕುವುದಿಲ್ಲ. ತಾಯಿಗೆ ಕೊಡುವೆನೆಂದದ್ದನ್ನು ಮಕ್ಕಳು ಮುಂದೆ ಕೇಳುವಾಗ ಬೀಡಿಗೂ ಅವರಿಗೂ ಕೆಡುತ್ತದೆ. ಪಾಡ್ದನದ ಪಾಠಗಳು ಹಾಡುವವರೊಂದಿಗೆ ಬದಲಾಗುತ್ತವೆ, ಆದರೂ ಈ ಎಳೆ ಉಳಿದುಕೊಂಡಿದೆ. ನಾವು ಅದನ್ನು ವೀರಕಥೆಯೆಂದು ಪಾಠ ಹೇಳುತ್ತೇವೆ. ವೈದ್ಯೆಗೆ ಸಲ್ಲಬೇಕಾದ ಪ್ರತಿಫಲ ಸಲ್ಲದೆ ಹೋದ ಕಥೆಯೂ ಹೌದೆಂದು ತರಗತಿಯಲ್ಲಿ ಹೇಳಲು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಅಂದು ಆಕೆಗೆ ಪರವಾನಗಿ ಕೊಟ್ಟವರು ಯಾರು? ಬಲ್ಲಾಳನ ಕಾಲು ವಾಸಿಯಾದದ್ದೇ ಪರವಾನಗಿ. ವಾಸಿಯಾಗದಿದ್ದರೆ ಏನಾಗುತ್ತಿತ್ತೆಂಬುದನ್ನು ಪಾಡ್ದನ ಹೇಳುವ ಪ್ರಮೇಯ ಬರಲಿಲ್ಲ.

ಅದೇ ಕಾಸರಕ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಓಮ, ಬೆಳ್ಳುಳ್ಳಿ, ಕರಿಮೆಣಸು ಹಾಕಿ, ಕಾಯಿಸಿದ ಬೆಣಚುಕಲ್ಲು ಅದ್ದಿ, ಕರಾವಳಿಯೆಲ್ಲ ಕಷಾಯ ಕುಡಿಯುತ್ತದೆ. ಮರ ತಪ್ಪಿ ಕಾಸರಕನ ತೊಗಟೆ ಬಂದರೆ ಅದು ವಿಷ. ಇದಕ್ಕೆ ಯಾವ ಕಚೇರಿಯ ಪರವಾನಗಿಯೂ ಇಲ್ಲ. ಹಿಂದಿನ ದಿನವೇ ಹೋಗಿ ಮರವನ್ನು ಗುರುತಿಸಿ ಬರುವ ಮನೆಯ ಹಿರಿಯರೇ ಅದರ ಪರವಾನಗಿ. ಮರ ಬಲ್ಲ ಹಿರಿಯರು ಕಡಮೆಯಾಗುತ್ತಿದ್ದಾರೆಂಬುದು ಬೇರೆ ಚಿಂತೆ.

ಮೂಡುಬಿದಿರೆಯ ಕಡೆ ತಿರುಗಿದರೆ ಇನ್ನೊಂದು ಬಗೆಯ ಅಂಕೆ ಕಾಣುತ್ತದೆ. 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯ ಆ ಊರು ತಾಳೆಗರಿಯ ಭಂಡಾರವೂ ಹೌದು. ಅಲ್ಲಿಯ ಮತ್ತು ಕಾರ್ಕಳ, ಅಳಿಯೂರುಗಳ ಗರಿಗಳನ್ನು ಒಂದೊಂದಾಗಿ ನೋಡಿ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಗ್ರಂಥಸೂಚಿ 1948ರಲ್ಲಿ ಕಾಶಿಯಿಂದ ಪ್ರಕಟವಾಯಿತು. ಕನ್ನಡದಲ್ಲಿ ವೈದ್ಯವನ್ನು ಮೊದಮೊದಲು ಬರೆದವರು ಹೆಚ್ಚಾಗಿ ಜೈನರು: ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯಕ್ಕೆಂದೇ ಮಂಗರಾಜ ಬರೆದ ಖಗೇಂದ್ರಮಣಿದರ್ಪಣ. ಇವರಿಗೂ ಹಿಂದೆ ಸಂಸ್ಕೃತದಲ್ಲಿ ಕಲ್ಯಾಣಕಾರಕ ಬರೆದ ಉಗ್ರಾದಿತ್ಯನು ಮದ್ಯ-ಮಾಂಸಗಳನ್ನು ಔಷಧದಿಂದ ಹೊರಗಿಟ್ಟು, ರಾಷ್ಟ್ರಕೂಟರ ಆಸ್ಥಾನದಲ್ಲಿ ಅದಕ್ಕಾಗಿ ವಾದವನ್ನೂ ಮಾಡಿದ. ಹೊರಗಿನ ಅಧಿಕಾರಿ ಬಂದು ಹೇಳುವ ಮೊದಲೇ ವೈದ್ಯನು ತನ್ನ ಧರ್ಮದಿಂದ ತನಗೆ ಹಾಕಿಕೊಂಡ ಕಟ್ಟು ಅದು. ಅದರ ಒಳ್ಳೆಯದು ಕೆಟ್ಟದ್ದರ ಚರ್ಚೆ ಇಲ್ಲಿ ಬೇಡ. ಅಂಥ ಕಟ್ಟು ಇತ್ತೆಂಬುದು ಮುಖ್ಯ.

ಇನ್ನು ಮದರಾಸಿಗೆ ಹೋಗಬೇಕು. ನಮ್ಮ ಜಿಲ್ಲೆ 1956ರ ನವೆಂಬರ್ 1ರ ವರೆಗೆ ಮದರಾಸಿನ ಅಧೀನದಲ್ಲಿದ್ದುದರಿಂದ ನಮ್ಮ ಪಂಡಿತರ ಜಾತಕವನ್ನು ಬರೆದವರೂ ಅಲ್ಲಿಯವರೇ. 1914ರಲ್ಲಿ ಮದರಾಸು ಸರಕಾರ ವೈದ್ಯರ ನೋಂದಣಿಗೆ ಕಾಯಿದೆ ಮಾಡಿತು. ಪಟ್ಟಿಗೆ ಸೇರಿದವರು ಪಾಶ್ಚಾತ್ಯ ವೈದ್ಯ ಕಲಿತವರು ಮಾತ್ರ. ಹಳ್ಳಿಯ ಪಂಡಿತ ಮದ್ದು ಕೊಡಬಾರದೆಂದು ಕಾಯಿದೆ ಹೇಳಲಿಲ್ಲ. ಅವನು ಬರೆದ ಕಾಗದಕ್ಕೆ ಬೆಲೆಯಿಲ್ಲವೆಂದಿತು. ಅಷ್ಟೇ ಅಲ್ಲ, ಪಟ್ಟಿಯಲ್ಲಿದ್ದ ಡಾಕ್ಟರು ಪಟ್ಟಿಯ ಹೊರಗಿನವರೊಡನೆ ಸೇರಿ ಕೆಲಸ ಮಾಡಿದರೆ ಅವರ ಹೆಸರನ್ನೇ ಹೊಡೆದುಹಾಕುವ ಭಯವಿತ್ತು. ಅಲ್ಲಿಂದ ವೈದ್ಯರಲ್ಲಿ ಒಳಗಿನವರು, ಹೊರಗಿನವರು ಎಂಬ ಗೆರೆ ಬಿತ್ತು.

1920ರಲ್ಲಿ ಮದರಾಸಿನಲ್ಲಿ ಲೋಕಲ್ ಬೋರ್ಡುಗಳ ಕಾಯಿದೆಯೂ ಜಿಲ್ಲಾ ಮುನಿಸಿಪಾಲಿಟಿಗಳ ಕಾಯಿದೆಯೂ ಹೊಸದಾಗಿ ಬಂದವು. ಅದೇ ಹೊತ್ತಿಗೆ ಮಾಂಟೆಗ್ಯು-ಚೆಲ್ಮ್ಸ್‌ಫರ್ಡ್ ಸುಧಾರಣೆಯಂತೆ ಸ್ಥಳೀಯ ಆಡಳಿತ, ವೈದ್ಯ, ಸಾರ್ವಜನಿಕ ಆರೋಗ್ಯ ಇವು ಭಾರತೀಯ ಮಂತ್ರಿಗಳ ಕೈಗೆ ಬಂದವು. ಸ್ಥಳೀಯ ಆಡಳಿತದ ಖಾತೆಯನ್ನು ಹಿಡಿದು ಮುಖ್ಯಮಂತ್ರಿಯೂ ಆದ ಪಾನಗಲ್ಲಿನ ರಾಜರಿಗೆ ದೇಶೀಯ ವೈದ್ಯದಲ್ಲಿ ಆಸಕ್ತಿಯಿತ್ತು. ಅವರ ಸರಕಾರ 1921ರಲ್ಲಿ ಮಹಮ್ಮದ್ ಉಸ್ಮಾನರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು, ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿಗಳು ಕಾರ್ಯದರ್ಶಿ. ಅವರು ಸೈನ್ಯದಲ್ಲಿ ಕೆಲಸ ಮಾಡಿದ ಡಾಕ್ಟರು, ಸಂಸ್ಕೃತ ಬಲ್ಲವರು. 1923ರ ವರದಿಯಲ್ಲಿ ದೇಶಭಾಷೆಗಳಲ್ಲಿ ಪಂಡಿತರು ಬರೆದು ಕಳಿಸಿದ ಉತ್ತರಗಳನ್ನೂ ಸೇರಿಸಿದರು. ಬ್ರಿಟಿಷ್ ಆಳ್ವಿಕೆಯಲ್ಲಿ ಸರಕಾರವೊಂದು ಪಂಡಿತನ ಮನೆಯ ಬಾಗಿಲಲ್ಲಿ ನಿಂತು "ನಿಮ್ಮ ವಿದ್ಯೆ ಏನು, ಎಲ್ಲಿ ಕಲಿತಿರಿ" ಎಂದು ಗೌರವದಿಂದ ಕೇಳಿದ್ದು ವಿಶೇಷವೇ ಸರಿ. ಫಲವಾಗಿ ಮದರಾಸಿನಲ್ಲಿ ದೇಶೀಯ ವೈದ್ಯದ ಸರಕಾರಿ ಶಾಲೆ ತೆರೆಯಿತು. ಶ್ರೀನಿವಾಸಮೂರ್ತಿಗಳೇ ಅದರ ಮೊದಲ ಮುಖ್ಯಸ್ಥರಾದರು. ಊರುಗಳಲ್ಲಿ ಬೋರ್ಡುಗಳು ಆಯುರ್ವೇದ ದವಾಖಾನೆಗಳನ್ನು ನಡೆಸಲು ಹಣ ಕೊಡತೊಡಗಿದವು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಕಾಲದ ಬೋರ್ಡು ಪಂಡಿತನನ್ನು ಕಂಡದ್ದು ಮುಖ್ಯವಾಗಿ ಪೋಷಕನಾಗಿ. ಸಂಬಳ ಕೊಟ್ಟಿತು, ಔಷಧಕ್ಕೆ ಹಣ ಕೊಟ್ಟಿತು, ಆದ್ದರಿಂದ ಕೆಲಸ ಹೇಗೆ ನಡೆದಿದೆಯೆಂದು ಕೇಳುವ ಹಕ್ಕನ್ನೂ ಪಡೆಯಿತು. ಅದೇ ಬೋರ್ಡಿನ ಮತ್ತು ಮುನಿಸಿಪಾಲಿಟಿಯ ಇನ್ನೊಂದು ಕೈಯಲ್ಲಿ ಬೇರೆ ಪುಸ್ತಕವಿತ್ತು: ಜನರಿಗೆ ತೊಂದರೆಯಾಗಬಹುದಾದ, ಅಪಾಯವಿರುವ ವ್ಯಾಪಾರಗಳ ಪಟ್ಟಿ, ಮತ್ತು ಅವುಗಳಿಗೆ ಕೊಡುವ ಲೈಸೆನ್ಸು. ಮೊದಲನೆಯ ಕೈ ಕಾಲಕ್ರಮದಲ್ಲಿ ಸಣ್ಣದಾಯಿತು. ದವಾಖಾನೆಗಳು ಸರಕಾರದ ಇಲಾಖೆಗೆ ಸೇರಿದವು. ಪೇಟೆಯ ಆಡಳಿತದ ಕೈಯಲ್ಲಿ ಉಳಿದದ್ದು ಎರಡನೆಯ ಪುಸ್ತಕ. ಪಂಡಿತನ ಮೊಮ್ಮಗ ಇಂದು ಅರ್ಜಿ ಹಿಡಿದು ಹೋಗುವುದು ಆ ಪುಸ್ತಕದ ಎದುರಿಗೆ. ಅವನ ಅಜ್ಜನ ಕಾಲದಲ್ಲಿ ಇದ್ದ ಮೊದಲನೆಯ ಮೇಜು ಅಲ್ಲಿ ಇಲ್ಲ.

ಅಂಗಮರ್ದನದ ವಿಷಯದಲ್ಲಿ ಲಂಡನ್ನಿನ ಕಥೆಯೊಂದು ನಮಗೆ ಪಾಠದಂತಿದೆ. 1894ರಲ್ಲಿ ಅಲ್ಲಿ ಮಸಾಜಿನ ಹೆಸರಿನಲ್ಲಿ ಬೇರೆ ದಂಧೆ ನಡೆಯುತ್ತದೆಂದು ವೈದ್ಯಪತ್ರಿಕೆಯೊಂದು ಗುಲ್ಲೆಬ್ಬಿಸಿತು. ಮಾನವಾಗಿ ಆ ಕೆಲಸ ಮಾಡುತ್ತಿದ್ದ ಹೆಂಗಸರಿಗೆ ತಲೆಯೆತ್ತಿ ನಡೆಯಲಾಗಲಿಲ್ಲ. ಆಗ ನಾಲ್ವರು ಶುಶ್ರೂಷಕಿಯರು ಸೇರಿ ತಮ್ಮದೇ ಒಂದು ಸಂಘ ಕಟ್ಟಿದರು, ಪರೀಕ್ಷೆ ಇಟ್ಟರು, ಡಾಕ್ಟರ ಸೂಚನೆಯಿಲ್ಲದೆ ಮೈಮುಟ್ಟಬಾರದು, ಸಾಮಾನ್ಯ ಪತ್ರಿಕೆಗಳಲ್ಲಿ ಜಾಹೀರಾತು ಕೊಡಬಾರದು, ಔಷಧ ಮಾರಬಾರದು ಎಂದು ನಿಯಮ ಮಾಡಿಕೊಂಡರು. 1920ರಲ್ಲಿ ಆ ಸಂಘಕ್ಕೆ ರಾಜಸನ್ನದು ದೊರೆಯಿತು. ಅದೇ ವರ್ಷ ಲಂಡನ್ ಕೌಂಟಿ ಕೌನ್ಸಿಲು ಮಸಾಜಿನ ಮನೆಗಳಿಗೆ ಲೈಸೆನ್ಸು ಕೊಡುವ ಅಧಿಕಾರವನ್ನು ಕಾಯಿದೆಯಲ್ಲಿ ಭದ್ರಮಾಡಿಕೊಂಡಿತು. ಇಂದಿನ ಭೌತಚಿಕಿತ್ಸೆ, ಅಂದರೆ ಫಿಸಿಯೋಥೆರಪಿ, ಬೆಳೆದದ್ದು ಆ ನಾಲ್ವರ ಸಂಘದಿಂದ. ಅಲ್ಲಿ ಕೈಯನ್ನು ಪರೀಕ್ಷಿಸಿದವರು ಕೈಕಸಬಿನವರೇ. ಬಾಗಿಲನ್ನು ಪರೀಕ್ಷಿಸಿದ್ದು ಕೌನ್ಸಿಲು. ನಮ್ಮಲ್ಲಿ ಮೊದಲಿನದು ನಡೆಯಲಿಲ್ಲ. ಎಣ್ಣೆ ತಿಕ್ಕುವ ಕೆಲಸವನ್ನು ನಾವು ಬಾಣಂತಿಯ ಕೋಣೆಗೆ, ಗರಡಿಮನೆಗೆ, ಇಂತಿಂಥ ಜಾತಿಯವರ ಪಾಲಿಗೆ ಎಂದು ಬಿಟ್ಟುಬಿಟ್ಟೆವು. ಕೈಯ ಗುಣವನ್ನು ಹೊಗಳಿದೆವು, ಕೈಯವರನ್ನು ಜಗಲಿಯಿಂದ ಒಳಕ್ಕೆ ಕರೆಯಲಿಲ್ಲ. ಅವರು ಸಂಘ ಕಟ್ಟಿ ಪರೀಕ್ಷೆ ಇಡುವುದು ಎಲ್ಲಿಂದ?

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಕಾಯಿದೆಗಳನ್ನು ಬೇಗ ದಾಟಬಹುದು. 1961ರ ಕಾಯಿದೆ ಆಯುರ್ವೇದ, ಯುನಾನಿ ಮೊದಲಾದ ಪದ್ಧತಿಗಳ ವೈದ್ಯರಿಗೆ ರಾಜ್ಯದಲ್ಲಿ ಪಟ್ಟಿ ಮಾಡಿತು. 1970ರಲ್ಲಿ ಕೇಂದ್ರದ ಕಾಯಿದೆ ಬಂದು ಪದವಿಯೇ ಮುಖ್ಯ ದ್ವಾರವಾಯಿತು. ಅದಕ್ಕೂ ಮುಂಚೆ ಪಟ್ಟಿಗೆ ಬಂದವರ ಹಕ್ಕು ಉಳಿಯಿತು. ಅಜ್ಜಂದಿರು ಒಳಗೆ, ಮೊಮ್ಮಕ್ಕಳು ಹೊರಗೆ. 1954ರಲ್ಲೇ ಬಂದಿದ್ದ ಕಾಯಿದೆ ಸಕ್ಕರೆ ರೋಗ, ಪಾರ್ಶ್ವವಾಯು, ಕ್ಯಾನ್ಸರ್ ಮುಂತಾದವನ್ನು ವಾಸಿಮಾಡುತ್ತೇನೆಂದು ಜಾಹೀರಾತು ಹಾಕುವುದನ್ನು ನಿಷೇಧಿಸಿದೆ. ಬಸ್‌ಸ್ಟ್ಯಾಂಡಿನ ಗೋಡೆಗಳನ್ನು ನೋಡಿದರೆ ಅದು ಯಾರಿಗೂ ಗೊತ್ತಿದ್ದಂತಿಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಆಯುರ್ವೇದ, ಯೋಗ, ಪ್ರಕೃತಿ ಚಿಕಿತ್ಸೆಗಳನ್ನೂ ಒಳಗೊಂಡು, ಚಿಕಿತ್ಸೆಯ ಮನೆಗಳೆಲ್ಲ ಜಿಲ್ಲಾ ಮಟ್ಟದಲ್ಲಿ ನೋಂದಣಿಯಾಗಬೇಕೆಂದಿತು. 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮಾನ್ಯವಾದ ವಿದ್ಯಾರ್ಹತೆಯಿಲ್ಲದೆ ವೈದ್ಯವೃತ್ತಿ ನಡೆಸುವುದು ಜನರ ಪ್ರಾಣಕ್ಕೆ ಅಪಾಯವೆಂದು ಅವರ ವಾದವನ್ನು ತಳ್ಳಿಹಾಕಿತು. ನನ್ನ ಮುಂಗೈ ಆ ತೀರ್ಪಿಗೆ ತಲೆದೂಗುತ್ತದೆ. ನನ್ನ ತಂದೆಯವರ ಬೆನ್ನು ಒಪ್ಪುವುದಿಲ್ಲ.

ನಮ್ಮ ಈ ಮೂರು ಊರುಗಳಲ್ಲಿ ವಿಷಯ ಇನ್ನೂ ಸೋಜಿಗ. ಔಷಧದಾನವನ್ನು ಚತುರ್ದಾನಗಳಲ್ಲಿ ಒಂದೆಂದು ನಡೆಸಿಬಂದ ಧರ್ಮಸ್ಥಳ ಬೆಳ್ತಂಗಡಿ ತಾಲೂಕಿನದು. ಅದೇ ತಾಲೂಕಿನ ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜು ಆರಂಭವಾಯಿತು. ಮೂಡುಬಿದಿರೆಯಲ್ಲಿ 1996ರಿಂದ ಆಳ್ವಾಸ್ ಆಯುರ್ವೇದ ಕಾಲೇಜು ಇದೆ. ಅಲ್ಲಿ ಮಕ್ಕಳು ಐದೂವರೆ ವರ್ಷ ಓದಿ, ಅಭ್ಯಂಗವನ್ನೂ ಅಂಗಮರ್ದನವನ್ನೂ ಪಾಠವಾಗಿ ಕಲಿತು, ಶರೀರದ ನರನಾಡಿಗಳ ಲೆಕ್ಕ ತಿಳಿದು ಹೊರಬರುತ್ತಾರೆ. ಅಲ್ಲಿಂದ ನಾಲ್ಕು ಮೈಲಿ ಒಳಗೆ ಹೋದರೆ ಅದೇ ಕೆಲಸವನ್ನು ಅಡಿಕೆ ಸುಲಿಯುವ ಕೈ ಮಾಡುತ್ತದೆ. ಎರಡಕ್ಕೂ ನಡುವೆ ಸೇತುವೆ ಇಲ್ಲವೆಂದಲ್ಲ: ಬೆಂಗಳೂರಿನ ಸಂಸ್ಥೆಯೊಂದರ ನೆರವಿನಿಂದ ಕೇಂದ್ರದ ಗುಣಮಟ್ಟ ಮಂಡಳಿ ಪಾರಂಪರಿಕ ಚಿಕಿತ್ಸಕರ ಕೈಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಯೋಜನೆಯೊಂದನ್ನು 2017ರ ಸುಮಾರಿಗೆ ತಂದಿತು, ಎಲುಬು ಕೂಡಿಸುವವರಿಗೂ ಅದರಲ್ಲಿ ಸ್ಥಾನವಿತ್ತು. ಆದರೆ ಅದು ಇಷ್ಟಪಟ್ಟವರಿಗೆ ಮಾತ್ರ, ಮತ್ತು ಆ ಪತ್ರವಿದ್ದರೆ ವೈದ್ಯನಾಗಿ ಕೂರಬಹುದೆಂದು ಯಾವ ಕಾಯಿದೆಯೂ ಹೇಳುವುದಿಲ್ಲ.

ಇವೆಲ್ಲದರ ನಡುವೆ ಪೇಟೆಯ ಆಡಳಿತ ಪರೀಕ್ಷಿಸುವುದು ಏನನ್ನು? ಕಟ್ಟಡದ ತೆರಿಗೆ ಕಟ್ಟಿದೆಯೇ, ನೀರು ಹೋಗುವ ಚರಂಡಿ ಸರಿಯಿದೆಯೇ, ಬೋರ್ಡು ಎಷ್ಟು ಉದ್ದ, ಕಸ ಎಲ್ಲಿ ಹಾಕುತ್ತಾರೆ. ಇವು ಬೇಡವೆಂದಲ್ಲ, ಸುಶ್ರುತನೂ ಉಗುರು ನೋಡಿದ. ಆದರೆ ಅವನು ಉಗುರಿನ ಜೊತೆಗೆ ಕೈಯನ್ನೂ ನೋಡಿದ. ಇಂದು ಎರಡು ಲಕ್ಷ ಸುರಿದು ಗಾಜಿನ ಬಾಗಿಲು, ಬಣ್ಣದ ದೀಪ ಹಾಕಿದವನ ಕಾಗದ ಸರಿಯಾಗಿಯೇ ಇರುತ್ತದೆ. ಒಳಗಿನ ಕೈ ನಿನ್ನೆ ಕಲಿತದ್ದಾದರೂ ಕೇಳುವವರಿಲ್ಲ. ನಲವತ್ತು ವರ್ಷ ಪಳಗಿದ ಕೈಗೆ ಕಾಗದದಲ್ಲಿ ಹೆಸರಿಲ್ಲ.

ಕೈಯನ್ನು ನೋಡಬೇಕಾದವರು ನೋಡದಿದ್ದಾಗ ಬೇರೆಯವರು ನೋಡಲು ಹೊರಡುತ್ತಾರೆ. 2025ರ ಜನವರಿ 23ರಂದು ಮಂಗಳೂರಿನ ಬಿಜೈಯಲ್ಲಿ ಒಂದು ಗುಂಪು ಸೆಲೂನೊಂದಕ್ಕೆ ನುಗ್ಗಿ, ಮಸಾಜಿನ ಹೆಸರಿನಲ್ಲಿ ಅನಾಚಾರವೆಂದು ಕೂಗಿ, ಸಾಮಾನು ಒಡೆಯಿತು. ನುಗ್ಗಿದವರನ್ನು ಪೊಲೀಸರು ಹಿಡಿದರು. ಆ ವಾರ ನಮ್ಮ ಹುಡುಗ ಮನೆಯಿಂದ ಹೊರಗೆ ಹೋಗಿ ನೀವುವ ಕೆಲಸಕ್ಕೆ ಒಪ್ಪಲಿಲ್ಲವೆಂದು ಅವನ ತಾಯಿ ನನ್ನ ಹೆಂಡತಿಯಲ್ಲಿ ಹೇಳಿದ್ದರು. ಅಂಗಡಿ ಇನ್ನೂ ತೆರೆಯದಿದ್ದ ಕಾಲ ಅದು.

ಮಳೆ ಪೂರ್ತಿ ನಿಂತ ಮೇಲೆ ಒಂದು ದಿನ ಅವನನ್ನು ಕರೆದು ನನ್ನ ಕೈಯನ್ನು ತೋರಿಸಿದೆ. ಅವನಿಗೆ ಗೊತ್ತಿತ್ತು, ಊರಿಗೇ ಗೊತ್ತಿದೆ. ಮುಂಗೈಯನ್ನು ಹಿಡಿದು, ಹೆಬ್ಬೆರಳಿನಿಂದ ಎಲುಬಿನ ಮೇಲೆ ನಿಧಾನವಾಗಿ ಒತ್ತುತ್ತ ಹೋಗಿ, ತಪ್ಪಾಗಿ ಕೂಡಿದ ಜಾಗದಲ್ಲಿ ತಾನಾಗಿ ನಿಲ್ಲಿಸಿದ.

"ಇದು ಆವಾಗಲೇ ಎಕ್ಸ್‌ರೇ ತೆಗೆಸಿದ್ದರೆ ಸರಿಯಾಗುತ್ತಿತ್ತು ಮಾಷ್ಟ್ರೇ. ಅಜ್ಜ ಕೊನೆಕೊನೆಗೆ ಮುರಿದದ್ದನ್ನು ಮುಟ್ಟುತ್ತಿರಲಿಲ್ಲ, ಮಂಗಳೂರಿಗೆ ಕಳಿಸುತ್ತಿದ್ದರು. ನಿಮ್ಮ ಕೈಯ ನಂತರವೇ ಅಂತೆ."

ಈ ಸಂಗತಿಯನ್ನು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಅಜ್ಜ ನನಗೆ ಹೇಳಿರಲಿಲ್ಲ. ಈಗ ಅವರಿಲ್ಲ.

ಮುರಿದದ್ದನ್ನು ತಾನೂ ಮುಟ್ಟುವುದಿಲ್ಲ, ಉಳುಕಾದರೂ ಊತ ಹೆಚ್ಚಿದ್ದರೆ ಡಾಕ್ಟರ ಚೀಟಿ ನೋಡದೆ ಎಣ್ಣೆ ಹಾಕುವುದಿಲ್ಲ, ವಾಸಿಯಾಗುತ್ತದೆಂದು ಬೋರ್ಡಿನಲ್ಲಿ ಬರೆಯುವುದಿಲ್ಲ ಎಂದು ಅವನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಹಾಕುವುದೆಂದಾಯಿತು. ಯಾವ ಕಾಯಿದೆಯೂ ಕೇಳದ ಕಾಗದ ಅದು. ಅಕ್ಷರ ನಾನು ತಿದ್ದಿದೆ. ಆಕ್ಷೇಪವಿಲ್ಲವೆಂಬ ಪತ್ರಕ್ಕೆ ಸಹಿಯನ್ನೂ ಹಾಕಿದೆ.

ವ್ಯಾಪಾರದ ಸ್ವರೂಪವೆಂಬ ಜಾಗದಲ್ಲಿ 'ಎಣ್ಣೆ ಹಾಕಿ ಮೈ ನೀವುವುದು' ಎಂದು ಬರೆದುಕೊಟ್ಟಿದ್ದೆ. ಕಚೇರಿಯ ಗುಮಾಸ್ತರು ಅದನ್ನು ಎರಡು ಸಲ ಓದಿ, ಕಂಪ್ಯೂಟರಿನ ಪಟ್ಟಿಯಲ್ಲಿ ಮೇಲಿಂದ ಕೆಳಗೆ ಹುಡುಕಿ, ಕೊನೆಗೆ 'ಇತರೆ' ಎಂಬುದನ್ನು ಒತ್ತಿದರಂತೆ.